ಸೋದರಮಾವ ಬರೆದ ಹಾಡು

ನಮ್ಮ ಲ್ಯಾಬಿಗೆ ರಕ್ತ ಕೊಡಲು ಬರುವವರಲ್ಲಿ ದಿನಕ್ಕೊಬ್ಬನಾದರೂ ಆ ಹಾಡು ಗುನುಗುತ್ತಾನೆ. ನನ್ನ ಬಿಳಿ ಕೋಟಿನ ಮೇಲಿನ ಹೆಸರು ಓದುತ್ತಾನೆ, ಹಲ್ಲು ಕಿಸಿಯುತ್ತಾನೆ, ಶುರು ಹಚ್ಚುತ್ತಾನೆ. ಸೂಜಿ ನನ್ನ ಕೈಯಲ್ಲಿದೆ ಎಂಬ ಖಬರು ಅವನಿಗೆ ಇರುವುದಿಲ್ಲ. ಅಂಥವರ ನರ ನನಗೆ ಒಂದೇ ಸಲಕ್ಕೆ ಸಿಗುವುದೂ ಇಲ್ಲ. ನಮ್ಮ ಇಂಡಿ ಊರಿನ ಜನ ಇದನ್ನು ಇನ್ನೂ ಗಮನಿಸಿಲ್ಲ.

ಹಾಡು ನಿಮಗೂ ಗೊತ್ತಿರುತ್ತದೆ. ಮದುವೆ ಮೆರವಣಿಗೆ, ಗಣಪತಿ ಕಳಿಸುವ ದಿನ, ಕಬ್ಬಿನ ಟ್ರ್ಯಾಕ್ಟರಿನ ಟೇಪು, ಎಲ್ಲಿ ಹೋದರೂ ಅದೇ.

ಆಲಮೇಲ ಗಾಡಿ ಹೊಂಟೈತಿ ಯಶೋಧಾ,
ಕಿಟಕಿ ಸೀಟ ನಿಂದ ಐತಿ ಯಶೋಧಾ,
ಹಟ ಮಾಡಬ್ಯಾಡ, ಹತ್ತಿ ಕುಂದ್ರ ಯಶೋಧಾ,
ಇಂಡಿತನಕಾ ನನ್ನ ತೊಡಿ ನಿಂದ ಯಶೋಧಾ.

ಇದನ್ನು ಬರೆದವನು ನನ್ನ ಸೋದರಮಾವ ಸಂಜೀವಕುಮಾರ. ನಾನು ಮಾಮಾ ಎನ್ನುತ್ತೇನೆ. ಹಾಡಿನೊಳಗಿನ ಯಶೋಧಾ ನಾನೇ. ಆದರೆ ಜನ ತಿಳಿದುಕೊಂಡಿರುವ ಯಶೋಧಾ ನಾನಲ್ಲ. ಈ ಎರಡು ಮಾತನ್ನು ಬಿಡಿಸಿ ಹೇಳಲು ಹೋಗಿ ನನ್ನ ಬಾಯಿ ಒಣಗಿದೆ. ಕೇಳಿದವರೆಲ್ಲ ಕೊನೆಗೆ "ನಾಚಗಿ ಬಿಡವಾ" ಎಂದು ನಗುತ್ತಾರೆ.

ಮಾಮಾನದು ಆಲಮೇಲ. ಅಜ್ಜ ಭೀಮಶ್ಯಾ ಕಬ್ಬು ಕಡಿಯುವ ಟೋಳಿಗೆ ಮುಂದಾಳು, ಮುಕಾದಮನಾಗಿದ್ದ. ಟೋಳಿಯವರು ಹೊಲದಲ್ಲಿ ಹಾಡುವಾಗ ಮಾತು ಮರೆತರೆ ಹುಡುಗ ಸಂಜೀವ ಅಲ್ಲೇ ಒಂದು ಮಾತು ಕಟ್ಟಿ ಕೊಡುತ್ತಿದ್ದನಂತೆ. ಸಿಂದಗಿಯ ಕಾಲೇಜಿನಲ್ಲಿ ಗ್ಯಾದರಿಂಗಿಗೆ ಹಾಡು ಬರೆದ. ಚುನಾವಣೆ ಬಂದರೆ ಪ್ರಚಾರದ ರಿಕ್ಷಾಕ್ಕೆ ಬರೆಯುತ್ತಿದ್ದ. ಮುಂಜಾನೆ ಒಂದು ಪಾರ್ಟಿಗೆ, ಮಧ್ಯಾಹ್ನ ಅದರ ಎದುರಿನ ಪಾರ್ಟಿಗೆ. ಇಬ್ಬರೂ ಚಹಾ ಕುಡಿಸುತ್ತಿದ್ದರು. ಆಮೇಲೆ ಡೀಜೆ ಹಾಡು, ಯೂಟ್ಯೂಬಿನ ಹಾಡು, ಅಲ್ಲಿಂದ ಬೆಂಗಳೂರು. ಅಲ್ಲಿ ಹೆಸರಾದ ಒಬ್ಬ ಕವಿಯ ಕೈಕೆಳಗೆ ಬಹಳ ವರ್ಷ ದುಡಿದ. ಪಲ್ಲವಿ ಅವರದು, ಚರಣ ಇವನದು, ಪೋಸ್ಟರಿನ ಮೇಲೆ ಹೆಸರು ಅವರದು. ಊರಿಗೆ ಬಂದಾಗ ಯಾವುದಾದರೂ ಹಾಡು ಕೇಳಿಸಿದರೆ ನನ್ನ ಕಡೆ ವಾಲಿ, "ಎರಡನೇ ಚರಣ ಲಕ್ಷ್ಯಗೊಟ್ಟ ಕೇಳ" ಎನ್ನುತ್ತಿದ್ದ. ನಾನು ಹೆಮ್ಮೆಯಿಂದ ಉಬ್ಬಿ ಹೋಗುತ್ತಿದ್ದೆ.

ಸಿನಿಮಾದವರ ಕೆಲಸ ಉಲ್ಟಾ. ಮೊದಲು ಧಾಟಿ ಹುಟ್ಟುತ್ತದೆ, ಆಮೇಲೆ ಮಾತು. ಧಾಟಿ ಹಿಡಿದಿಟ್ಟುಕೊಳ್ಳಲು ಬಾಯಿಗೆ ಬಂದದ್ದನ್ನು ತುಂಬಿ ಒಂದು ಕಚ್ಚಾ ಹಾಡು ಮಾಡುತ್ತಾರೆ. ಅದಕ್ಕೆ ಡಮ್ಮಿ ಎನ್ನುತ್ತಾರೆ. ನಿಜವಾದ ಸಾಹಿತ್ಯ ಬಂದ ಮೇಲೆ ಡಮ್ಮಿಯನ್ನು ಬಿಸಾಡುತ್ತಾರೆ. ಅವತ್ತು ಮಾಮಾನಿಗೆ ಮೊದಲ ಸಲ ಸ್ವಂತ ಹೆಸರಿನಲ್ಲಿ ಬರೆಯುವ ಅವಕಾಶ ಸಿಕ್ಕಿತ್ತು. ಸಂಗೀತ ನಿರ್ದೇಶಕ ಧಾಟಿ ಕೊಟ್ಟು ಡಮ್ಮಿ ಹಾಡಿಬಿಡು ಎಂದಾಗ ಇವನ ಬಾಯಿಗೆ ಬಂದದ್ದು ಒಂದು ಹಳೆಯ ಮಾತು. ನಾನು ಸಣ್ಣವಳಿದ್ದಾಗ ಶಾಲೆಯ ಸೂಟಿಗೆ ಆಲಮೇಲಕ್ಕೆ ಹೋದರೆ ವಾಪಸು ಬರಲು ಒಲ್ಲೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ನೆಲಕ್ಕೆ ಬಿದ್ದು ಅಳುತ್ತಿದ್ದೆ. ಮಾಮಾ ನನ್ನನ್ನು ರಮಿಸಲು ಹಾಡಿನ ಹಾಗೆ ಹೇಳುತ್ತಿದ್ದ ಮಾತುಗಳು ಅವು. ಮೂಗಿನಲ್ಲಿ ಸಿಂಬಳ ಸುರಿಸುವ ಕೂಸಿಗೆ ಹೇಳಿದ್ದು.

ನಿಜವಾದ ಸಾಹಿತ್ಯವನ್ನು ಅವನು ವಾರಗಟ್ಟಲೆ ತಿದ್ದಿ ತೀಡಿ ಒಯ್ದ. ಅಷ್ಟರಲ್ಲಿ ಹೀರೋ ಡಮ್ಮಿ ಕೇಳಿ ಕುಣಿದಾಗಿತ್ತು. "ಇದೇ ಇರಲಿ, ಜವಾರಿ ಇದೆ" ಎಂದನಂತೆ. ಮಾಮಾ ಕೈಮುಗಿದು ಬೇಡಿಕೊಂಡ, ಕನಿಷ್ಠ ಹೆಸರನ್ನಾದರೂ ಬದಲಿಸೋಣ ಎಂದ. ಹೆಸರೇ ಹಾಡಿನ ಜೀವ ಎಂದರು. ಮೊದಲ ಅವಕಾಶ ಬಿಡಲು ಇವನಿಗೂ ಧೈರ್ಯ ಸಾಲಲಿಲ್ಲ. ಪರದೆಯ ಮೇಲೆ ಅರ್ಧ ಸೀರೆಯ ನಾಯಕಿ ಬಸ್ಸಿನ ಟಾಪಿನ ಮೇಲೆ ಸೊಂಟ ಕುಣಿಸಿದಳು. ರಾಜ್ಯಕ್ಕೆ ರಾಜ್ಯವೇ ಕುಣಿಯಿತು.

ಆಮೇಲೆ ಮಾಮಾನಿಗೆ ಹಿಡಿಸಲಾರದಷ್ಟು ಕೆಲಸ ಬಂತು, ಎಲ್ಲ ಅಂಥದ್ದೇ. ಒಂದು ಸಿನಿಮಾಕ್ಕೆ ಟ್ರ್ಯಾಕ್ಟರು ಮತ್ತು ರುಕ್ಮವ್ವ, ಇನ್ನೊಂದಕ್ಕೆ ಬುಲೆಟ್ಟು ಮತ್ತು ಸಾವಿತ್ರಿ. ತಾಯಿ ಸತ್ತ ಸನ್ನಿವೇಶಕ್ಕೆ ಅವನು ಬರೆದ ಹಾಡನ್ನು ನಾನು ಓದಿ ಅತ್ತಿದ್ದೇನೆ. ಅದನ್ನು ನಿರ್ಮಾಪಕರು ಬೇರೆಯವರಿಂದ ಬರೆಸಿದರು. "ನೀವು ಗಾಡಿ ಹಾಡು ಬರೀರಿ ಸಾರ್, ಅಳೋದಕ್ಕೆ ಬೇರೆಯವರಿದಾರೆ" ಎಂದರಂತೆ. ಅದನ್ನು ಫೋನಿನಲ್ಲಿ ಹೇಳುವಾಗ ಮಾಮಾ ನಗುತ್ತಿದ್ದ. ಅಂಥ ನಗು ನನಗೆ ಕೇಳಲಾಗುವುದಿಲ್ಲ.

ಅವನಿಗೆ ಅವನ ಸಂಕಟ, ನನಗೆ ನನ್ನದು. ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನ ಹಕ್ಕು ಮೊದಲು. ಅವನು ಬೇಡ ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಹೊರಗಿನವರು ಕನ್ಯೆ ಕೇಳಲು ಬರುತ್ತಾರೆ. ಇಲ್ಲಿ ಸೋದರಮಾವ ಬೇಡ ಎನ್ನುವುದು ಹಾಗಿರಲಿ, ಹೆಸರು ಹಿಡಿದು ಹಾಡು ಕಟ್ಟಿ ರಾಜ್ಯಕ್ಕೆಲ್ಲ ಕೇಳಿಸಿದ್ದಾನೆ. ಇದಕ್ಕಿಂತ ದೊಡ್ಡ ಡಂಗುರ ಯಾವುದಿದೆ. ಬೆಂಗಳೂರಿನವರಿಗೆ ಅದು ಹಾಡು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಜನರಿಗೆ ಅದು ನಿಶ್ಚಯ.

ಅವ್ವ ಮರೆವ್ವನಿಗಂತೂ ಹಾಲುಂಡಷ್ಟು ಖುಷಿ. ತಮ್ಮನಿಗೆ ವಯಸ್ಸಾಗುತ್ತಿದೆ, ಎಲ್ಲಿ ಕೇಳಿದರೂ "ನಿಮ್ಮ ಹುಡುಗಗ ಅಕ್ಕನ ಮಗಳದಾಳಲ್ಲ" ಎಂದು ಬಾಗಿಲು ಹಾಕುತ್ತಾರೆ. ಮಗಳನ್ನೂ ಯಾರೂ ಕೇಳುತ್ತಿಲ್ಲ. ಹಾಗಿದ್ದರೆ ಇಬ್ಬರನ್ನೂ ಕೂಡಿಸಿದರಾಯಿತು ಎಂಬುದು ಅವಳ ಲೆಕ್ಕ.

"ನಾ ಅವನ ತೊಡಿಮ್ಯಾಲ ಉಚ್ಚಿ ಹೊಯ್ಕೊಂಡ ಬೆಳದೇನವ್ವಾ" ಎಂದೆ ಒಮ್ಮೆ.

"ನಾ ಏನ ನಿಮ್ಮಪ್ಪಗ ಹೊರಗಿಂದ ಬಂದಾಕೇನ? ನಾನೂ ನಿಮ್ಮಪ್ಪನ ಅಕ್ಕನ ಮಗಳ. ಎಲ್ಲಾರೂ ಹಂಗ ಬೆಳದೇವಿ" ಎಂದಳು.

ಅಪ್ಪ ಪೇಪರು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದ. ಅವ್ವನ ಮಾತಿಗೆ ಎದುರಾಡುವ ಪದ್ಧತಿ ಅವನಿಗಿಲ್ಲ.

ಈ ನಡುವೆ ಮುತ್ತುರಾಜ ಬಂದ. ತಂಗಡಗಿಯವನು, ದನದ ದವಾಖಾನೆಯಲ್ಲಿ ಕೆಲಸ, ಇಂಡಿಗೆ ವರ್ಗವಾಗಿ ಬಂದಿದ್ದ. ಜ್ವರ ಬಂದು ರಕ್ತ ತಪಾಸಣೆಗೆ ನಮ್ಮಲ್ಲಿಗೆ ಬಂದವನು ನನ್ನ ಹೆಸರು ಓದಿದ, ಹಾಡಲಿಲ್ಲ. ಆಕಳಿನ ನರ ಹುಡುಕುವುದು ಇನ್ನೂ ಕಷ್ಟ ಎಂದ. ಅಷ್ಟಕ್ಕೇ ನನಗೆ ಅವನು ಹಿಡಿಸಿದ. ಆಮೇಲೆ ಜ್ವರವಿಲ್ಲದಿದ್ದರೂ ಬಂದ. ತಂದೆತಾಯಿ ಇಲ್ಲದ ಅವನನ್ನು ಸಾಕಿದವಳು ಅವನ ಅಜ್ಜಿ, ಅವನು ಆಯಿ ಎನ್ನುತ್ತಾನೆ. ಅವಳು ಕನ್ಯೆ ನೋಡಲು ಬಂದು, ಚಹಾ ಕುಡಿದು, ನನ್ನ ಹೆಸರು ಕೇಳಿ ಬಟ್ಟಲು ಕೆಳಗಿಟ್ಟಳು.

"ಸೋದರಮಾವ ಹೆಸರ ಹಿಡದ ಹುಡುಗೀನ ನಾವು ಹೆಂಗ ತರೂದವಾ. ನಾಳೆ ಅಂವ ಬಂದ ನನ್ನ ಬಾಗಲಾಗ ನಿಂತ್ರ?" ಎಂದಳು. "ಅಂವ ನಾಕ ಮಂದಿ ಮುಂದ ಬ್ಯಾಡ ಅನ್ಲಿ. ಮರುದಿನಾನ ಸೀರಿ ತರ್ತೇನಿ."

ಅವ್ವ ಒಳಗೆ ಹೋಗಿ ಡಬ್ಬಿಗಳನ್ನು ಸದ್ದು ಮಾಡಿ ಇಟ್ಟಳು. ಮುದುಕಿಯ ಮಾತು ಅನ್ಯಾಯದ್ದಲ್ಲ ಎಂಬುದೇ ನನಗೆ ಹೆಚ್ಚು ಸಿಟ್ಟು ತರಿಸಿತು. ನಾಲ್ಕು ಮಂದಿಯ ಮುಂದೆ ಒಂದು ಮಾತು, ಅಷ್ಟೇ ಬೇಕಾಗಿತ್ತು.

ಮಾಮಾ ಯುಗಾದಿಗೆ ಬಂದಾಗ ಮಾಳಿಗೆಯ ಮೇಲೆ ಶ್ಯಾವಿಗೆ ಒಣಹಾಕುತ್ತ ಎಲ್ಲ ಹೇಳಿದೆ. ಅವನು ಕಟ್ಟೆಯ ಮೇಲೆ ಕೂತು ಕೇಳಿದ. ತಲೆಯ ಮುಂಭಾಗದ ಕೂದಲು ಹೋಗಿ, ಕಣ್ಣ ಕೆಳಗೆ ಕಪ್ಪಾಗಿ, ನನ್ನ ಮಾಮಾ ಅಲ್ಲದವನ ಹಾಗೆ ಕಾಣುತ್ತಿದ್ದ.

"ನಾನೂ ಆ ಗಾಡ್ಯಾಗ ಸಿಕ್ಕೊಂಡೇನಿ ಯಶೋಧಾ, ಇಳಿಯಾಕ ಬಿಡವಲ್ರು" ಎಂದ. "ಬಾಗೇವಾಡ್ಯಾಗ ಸನ್ಮಾನ ಇಟ್ಕೊಂಡಾರ. ಸಾವಿರಾರು ಮಂದಿ ಕೂಡ್ತಾರ. ಅಲ್ಲೇ ಹೇಳಿಬಿಡ್ತೇನಿ. ಅದು ಡಮ್ಮಿ, ಆಕಿ ನನ್ನ ಮಗಳಿದ್ದಂಗ, ಅಂತ."

"ಖರೇನ ಹೇಳ್ತಿ?"

"ಹೇಳ್ತೇನಿ. ಹೇಳಿದ್ರ ನನಗೂ ಬಿಡುಗಡಿ ಐತಿ."

ನಾನು ಅವನ ಅಂಗೈಗೆ ಹಸಿ ಶ್ಯಾವಿಗೆಯ ಒಂದು ಎಳೆ ಇಟ್ಟೆ, ಅವನು ಬಾಯಿಗೆ ಹಾಕಿಕೊಂಡ. ಮುತ್ತುರಾಜನಿಗೆ ಫೋನು ಮಾಡಿ ಆಯಿಯನ್ನು ಬಾಗೇವಾಡಿಗೆ ಕರೆತರಲು ಹೇಳಿದೆ. ಆ ದಿನಗಳಲ್ಲಿ ಲ್ಯಾಬಿಗೆ ಬಂದವರ ನರಗಳೆಲ್ಲ ಒಂದೇ ಸಲಕ್ಕೆ ಸಿಕ್ಕವು.

ಸನ್ಮಾನ ಇಟ್ಟುಕೊಂಡವರು ಗುರಲಿಂಗಪ್ಪ ಎಂಬ ಸಿಮೆಂಟ್ ವ್ಯಾಪಾರಿ, ಹಾಡಿನ ಹುಚ್ಚಿನವರು. ಸಿಂದಗಿಯ ಅಯೂಬನ ಗಾಡಿ ಮಾಡಿಕೊಂಡು ನಾನು, ಅವ್ವ, ಮಾಮಾ ಹೋದೆವು. ಅಯೂಬ ದಾರಿಯುದ್ದಕ್ಕೂ ಅದೇ ಹಾಡು ಹಚ್ಚಿ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದ. ಇವತ್ತೊಂದು ದಿನ ಹಚ್ಚಿಕೊಳ್ಳಲಿ ಎಂದುಕೊಂಡೆ.

ಮೈದಾನ ತುಂಬಿತ್ತು. ವೇದಿಕೆಯ ನಡುವೆ ಶಾಲು ಹೊದಿಸಿದ ಎರಡು ಖುರ್ಚಿ ಇಟ್ಟಿದ್ದರು. ಎರಡನೆಯದು ಯಾರಿಗೆ ಎಂದು ನಾನು ವಿಚಾರ ಮಾಡಲಿಲ್ಲ, ಮಾಡಬೇಕಾಗಿತ್ತು. ಮೈಕಿನವನು "ಹಾಡು ಬರೆದವರನ್ನ ನೋಡಿದಿರಿ, ಈಗ ಹಾಡನ್ನ ನೋಡ್ರಿ" ಎಂದು ನನ್ನ ಹೆಸರು ಕರೆದ. ಜನರ ಕೂಗಿಗೆ ಪೆಂಡಾಲು ಅಲುಗಿತು. ಅವ್ವ ನನ್ನ ಬೆನ್ನಿಗೆ ಕೈಹಚ್ಚಿ ಮುಂದೆ ತಳ್ಳಿದಳು. ಅವಳಿಗೆ ಮೊದಲೇ ಗೊತ್ತಿತ್ತು ಎಂಬುದು ಆ ಕೈಯಲ್ಲೇ ತಿಳಿಯಿತು.

ಮೂರನೆಯ ಸಾಲಿನಲ್ಲಿ ಮುತ್ತುರಾಜ ಮತ್ತು ಅವನ ಆಯಿ ಕೂತಿದ್ದರು. ಓಡಿಹೋದರೆ ಆಯಿಗೆ ಏನೂ ತಿಳಿಯುವುದಿಲ್ಲ, ಮಾಮಾ ಮಾತಾಡುವ ತನಕ ಕೂತಿರಬೇಕು ಎಂದು ಮೇಲೆ ಹತ್ತಿ ಕೂತೆ. ಗಂಡಹೆಂಡತಿಯನ್ನು ಸನ್ಮಾನಿಸುವಾಗ ಇಬ್ಬರಿಗೂ ಸೇರಿಸಿ ಹಾಕುವ ದೊಡ್ಡ ಹಾರ ಬಂತು, ಎರಡು ಕುತ್ತಿಗೆಗೆ ಒಂದೇ ಹಾರ. ನಾನು ಮಾಮಾನ ಕಡೆ ನೋಡಿದೆ. ಅವನು ಎದುರಿನ ಲೈಟು ನೋಡುತ್ತಿದ್ದ.

ಹಿಂದೆಯೇ ಗುರಲಿಂಗಪ್ಪನವರ ಹೆಂಡತಿ ವಿದ್ಯಾವತಿ ಉಡಿ ತುಂಬಲು ಬಂದರು. ಅಕ್ಕಿ, ಒಣಕೊಬ್ಬರಿ, ಅರಿಶಿನ ಬೇರು, ಹಸಿರು ಕುಬಸದ ಬಟ್ಟೆ. ಹಿರಿಯ ಮುತ್ತೈದೆ ಉಡಿಯ ಸಾಮಾನು ಹಿಡಿದು ಎದುರು ನಿಂತಾಗ ಸೆರಗು ಹಿಂದಕ್ಕೆ ಎಳೆದುಕೊಂಡ ಹೆಣ್ಣನ್ನು ನಾನು ಈವರೆಗೆ ಕಂಡಿಲ್ಲ. ನಾನೂ ಸೆರಗು ಒಡ್ಡಿದೆ. ಅಕ್ಕಿ ಬಿದ್ದ ಹಾಗೆಲ್ಲ ಉಡಿ ಭಾರವಾಯಿತು. ಈಗ ಎದ್ದರೆ ಅಕ್ಕಿ ಚೆಲ್ಲುತ್ತದೆ, ಉಡಿಯಕ್ಕಿ ಚೆಲ್ಲುವಂತಿಲ್ಲ. ಹಾರ ಕುತ್ತಿಗೆಯಲ್ಲಿ, ಅಕ್ಕಿ ಉಡಿಯಲ್ಲಿ, ನಾನು ಅಲುಗಾಡದೆ ಕೂತಿದ್ದೆ. ಇಷ್ಟೆಲ್ಲ ಒಳ್ಳೆಯ ಮನಸ್ಸಿನಿಂದ ಮಾಡುತ್ತಿದ್ದವರ ಮೇಲೆ ಸಿಟ್ಟಾದರೂ ಹೇಗೆ ಮಾಡಲಿ. ಆದರೂ ಸಿಟ್ಟು ಬರುತ್ತಿತ್ತು.

ಮಾಮಾನ ಕೈಗೆ ಮೈಕು ಬಂತು. ಅವನು ಹಾರದಿಂದ ಕುತ್ತಿಗೆ ಬಿಡಿಸಿಕೊಂಡು ಎದ್ದು ನಿಂತ.

"ಈ ಹಾಡಿನ ಬಗ್ಗೆ ಒಂದ ಮಾತ ಹೇಳೂದೈತಿ" ಎಂದ.

ನಾನು ಮೂರನೆಯ ಸಾಲು ನೋಡಿದೆ. ಆಯಿ ಕಿವಿಯ ಮೇಲಿನ ಸೆರಗು ಸರಿಸಿದಳು.

"ಮಾತ ಬ್ಯಾಡ್ರಿ, ಹಾಡ್ರಿ" ಎಂದು ಹಿಂದಿನಿಂದ ಯಾರೋ ಕೂಗಿದರು. ಆಮೇಲೆ ಎಲ್ಲರೂ ಕೂಗಿದರು. ಹುಡುಗರು ಮೊಬೈಲಿನ ದೀಪ ಹಚ್ಚಿ ಎತ್ತಿ ಹಿಡಿದರು. ಮಾಮಾ ಆ ದೀಪಗಳನ್ನು ನೋಡಿದ. ಅವನ ಮುಖದಲ್ಲಿ ಏನೋ ಸಡಿಲಾಯಿತು. ತಾಯಿ ಸತ್ತ ಹಾಡನ್ನು ಬೇಡ ಎಂದವರು, ಹೆಸರಿಲ್ಲದೆ ಚರಣ ಬರೆಸಿಕೊಂಡವರು, ಯಾರೂ ಅಲ್ಲಿರಲಿಲ್ಲ. ಅಲ್ಲಿದ್ದವರಿಗೆಲ್ಲ ಅವನೇ ಬೇಕಾಗಿದ್ದ. ಅವನು ಹಾಡಿದ. ನನ್ನ ಕಡೆ ತಿರುಗಿ, ಕೈ ಚಾಚಿ, ಕಿಟಕಿ ಸೀಟ ನಿಂದ ಐತಿ ಎಂದು ಹಾಡಿದ. ಹಾಡು ಮುಗಿದ ಮೇಲೆ ಮೈಕು ಕೊಟ್ಟು ಬಂದು ಪಕ್ಕದಲ್ಲಿ ಕೂತ. ಹಾರದ ತನ್ನ ಅರ್ಧವನ್ನು ತಾನೇ ಎತ್ತಿ ಕುತ್ತಿಗೆಗೆ ಹಾಕಿಕೊಂಡ.

"ಮಾಮಾ, ಹೇಳು" ಎಂದೆ ಸಣ್ಣ ದನಿಯಲ್ಲಿ.

"ಆಮ್ಯಾಲ" ಎಂದ ತುಟಿ ಅಲುಗಿಸದೆ.

ಆಮೇಲೆ ಎಂಬುದು ಇರಲಿಲ್ಲ, ಅದು ನನಗೂ ಗೊತ್ತು, ಅವನಿಗೂ ಗೊತ್ತು. ಅಷ್ಟರಲ್ಲಿ ವೇದಿಕೆಯ ಮೇಲಿನ ಹೆಂಗಸರು ಮೈಕು ಕಸಿದುಕೊಂಡು ನನ್ನ ಮುಂದೆ ಹಿಡಿದರು. "ಒಡಪ ಹಾಕಿ ಹೆಸರ ಹೇಳವಾ" ಎಂದರು. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ನೇರ ಬಾಯಲ್ಲಿ ತೆಗೆಯುವುದಿಲ್ಲ. ಕೇಳಿದರೆ ಪ್ರಾಸ ಹೊಂದಿಸಿದ ಒಂದು ಒಡಪು ಹೇಳಿ, ಅದರ ತುದಿಗೆ ಹೆಸರನ್ನು ಮುಚ್ಚಿ ಹೇಳಬೇಕು. ಆಗುವವಳಿಗೂ ಅದೇ ನೇಮ. ಅವ್ವ ಅಪ್ಪನ ಹೆಸರನ್ನು ರೇಷನ್ ಅಂಗಡಿಯಲ್ಲೂ ಬಾಯಿಬಿಟ್ಟು ಹೇಳಿದವಳಲ್ಲ, ನನ್ನನ್ನು ಮುಂದೆ ಮಾಡುತ್ತಾಳೆ. ಹೆಂಗಸರು ನನ್ನ ಸುತ್ತ ಬಾಗಿ ನಿಂತಿದ್ದರು. ಕೆಳಗೆ ಎಲ್ಲರೂ ಕಾಯುತ್ತಿದ್ದರು, ಹಾಡು ಬರೆದವನ ಯಶೋಧಾ ಎಂಥ ಒಡಪು ಹಾಕುತ್ತಾಳೋ ಎಂದು.

ಎಡಗೈಯಲ್ಲಿ ಉಡಿ ಬಿಗಿಯಾಗಿ ಹಿಡಿದು ಬಲಗೈಗೆ ಮೈಕು ತೆಗೆದುಕೊಂಡೆ.

"ಸಂಜೀವಕುಮಾರ" ಎಂದೆ.

ಯಾರೋ ಒಬ್ಬರು ನಕ್ಕರು, ಅರ್ಧಕ್ಕೆ ನಿಲ್ಲಿಸಿದರು.

"ಸಂಜೀವಕುಮಾರ. ಆಲಮೇಲದ ಭೀಮಶ್ಯಾನ ಮಗಾ ಸಂಜೀವಕುಮಾರ. ನಮ್ಮವ್ವನ ತಮ್ಮಾ ಸಂಜೀವಕುಮಾರ. ನನ್ನ ಎತ್ತಿ ಆಡಿಸಿದಾಂವ ಸಂಜೀವಕುಮಾರ. ಅತ್ತರ ರಮಿಸಾಕ ಹೇಳಿದ ಹಾಡ್ರಿ ಅದು, ಕೂಸಿಗಿ ಹೇಳಿದ್ದು. ನಾ ಇವನ ಹೇಂತಿ ಆಗಾಕಿ ಅಲ್ಲ."

ಹೆಸರು ಹೇಳಲು ನಾಲಿಗೆ ಒಂದು ಸಲವೂ ಹಿಂಜರಿಯಲಿಲ್ಲ. ಎಷ್ಟು ಸಲ ಬೇಕಾದರೂ ಹೇಳುತ್ತಿದ್ದೆ. ಮೈದಾನದಲ್ಲಿ ಜನರೇಟರಿನ ಸದ್ದು ಮಾತ್ರ ಕೇಳುತ್ತಿತ್ತು. ವಿದ್ಯಾವತಿಯವರು ಬಾಯಿಗೆ ಸೆರಗು ಹಿಡಿದು ನಿಂತರು. ಅವ್ವ ಕೆಳಗೆ ಹಣೆ ಬಡಿದುಕೊಂಡಳು. ಮೂರನೆಯ ಸಾಲಿನಲ್ಲಿ ಮುದುಕಿ ಪಕ್ಕದವಳಿಗೆ ಹೇಳಿದ್ದು ನನ್ನವರೆಗೂ ಬಂತು.

"ಬಾಯಿಬಿಟ್ಟ ಹೆಸರ ತಗದಳು. ಇನ್ನ ಅಂವ ಆಕಿ ಗಂಡ ಆಗೂದಿಲ್ಲ, ಮುಗೀತಲ್ಲ."

ಹೌದು, ಮುಗಿದಿತ್ತು. ನಾನು ಹಾರದಿಂದ ಹೊರಗೆ ಬಂದೆ. ಅಕ್ಕಿ ಒಂದು ಕಾಳೂ ಚೆಲ್ಲದ ಹಾಗೆ ಮೆಟ್ಟಿಲು ಇಳಿದೆ. ಮುತ್ತುರಾಜ ಎದ್ದು ನಿಂತಿದ್ದ, ಅವನ ಆಯಿ ಅವನ ತೋಳು ಹಿಡಿದು ಕೂರಿಸಿದಳು. ಹೋಗುವಾಗ ಗೇಟಿನ ಹತ್ತಿರ ನನ್ನ ಕೈ ಹಿಡಿದು, "ಶುಕ್ರವಾರ ಸೀರಿ ತಗೊಂಡ ಬರ್ತೇನಿ, ಮನ್ಯಾಗಿರು" ಎಂದಷ್ಟೇ ಹೇಳಿದಳು. ನಾನು ಗೆದ್ದಿದ್ದೆ. ವೇದಿಕೆಯ ಕಡೆ ಮಾತ್ರ ತಿರುಗಿ ನೋಡಲಿಲ್ಲ.

ವಾಪಸು ಬರುವಾಗ ಅಯೂಬ ಹಾಡು ಹಚ್ಚಲಿಲ್ಲ. ನಾವೆಲ್ಲ ಆಲಮೇಲಕ್ಕೆ ಹೋಗಿ ಅಜ್ಜನ ಹತ್ತಿರ ಉಳಿಯುವುದೆಂದು ಮಾತಾಗಿತ್ತು. ಸಿಂದಗಿ ಬಸ್‌ಸ್ಟ್ಯಾಂಡ್ ಬಂದಾಗ ಮಾಮಾ ಗಾಡಿ ನಿಲ್ಲಿಸಲು ಹೇಳಿದ, ಬೆಂಗಳೂರಿನ ಬಸ್ಸು ಹಿಡಿಯುತ್ತೇನೆ ಎಂದ. ಅವ್ವ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದಳು. ನಾನು ಇಳಿದು ಅವನ ಬ್ಯಾಗು ಕೊಟ್ಟೆ. ಸಂಜೆಯ ಹೊತ್ತು, ಸ್ಟ್ಯಾಂಡು ಜನರಿಂದ ತುಂಬಿತ್ತು. ಒಬ್ಬಿಬ್ಬರು ಅವನನ್ನು ಗುರುತಿಸಿ ಮೊಬೈಲು ತೆಗೆಯುತ್ತಿದ್ದರು.

"ಬೈಯಬೇಕಂದ್ರ ಬೈ ಮಾಮಾ" ಎಂದೆ. "ಮಂದಿ ಮುಂದ ನಿನ್ನ ಹೆಸರ ತಗದೆ."

"ನಾ ಹೇಳೂದಿತ್ತು. ನೀ ಹೇಳಿದಿ."

"ನೀ ಹೇಳತಿದ್ದೇನು? ನಾ ಸುಮ್ಮನಿದ್ದಿದ್ರ, ಇವತ್ತಲ್ಲ ನಾಳೆ, ಎಂದಾರ ಹೇಳತಿದ್ದೇನು?"

ಅವನು ಬ್ಯಾಗಿನ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡ. ಹೌದು ಎಂದು ಸುಳ್ಳು ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ನನಗೆ ಸುಳ್ಳು ಹೇಳಿದವನಲ್ಲ.

"ಇಲ್ಲ" ಎಂದ. "ಎಲ್ಲಾರೂ ನೀ ನನ್ನಾಕಿ ಅಂದೂ ಅಂದೂ, ನನಗೂ ಹಂಗ ಅನ್ನಿಸಾಕ ಹತ್ತಿತ್ತು."

ಬಸ್ಸು ಬಂತು. ಅವನು ಹತ್ತಿದ, ನನ್ನ ಕಡೆ ತಿರುಗಲಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ ಮಾಮಾ ಇನ್ನು ನನಗಿಲ್ಲ ಎಂಬುದು ಅಲ್ಲಿ ನಿಂತಾಗ ತಿಳಿಯಿತು. ಕೂಗಿ ಕರೆಯಬೇಕು ಅನ್ನಿಸಿತು. ಮಾಮಾ ಎನ್ನಲು ಬಾಯಿ ಬರಲಿಲ್ಲ, ಹೆಸರು ಹಿಡಿದು ಕರೆಯಲು ಮನಸ್ಸು ಬರಲಿಲ್ಲ. ಏನೆಂದು ಕರೆಯಬೇಕೋ ಗೊತ್ತಾಗುವುದರೊಳಗೆ ಬಸ್ಸು ಸ್ಟ್ಯಾಂಡು ದಾಟಿ ಹೋಯಿತು.